ಅಕ್ಕಾರ ಹನ್ನೊಂದು ಭಟ್ಟಿ

ಮಂದಿ ಮನ್ಯಾಗ ಗಂಡನ ಅಕ್ಕ ಇದ್ರ ಸೀರಿ ಕೂಡಸ್ತಾರ, ಬೆಳ್ಳಿ ಬಟ್ಟಲಾ ಕೂಡಸ್ತಾರ, ಅದೂ ಇಲ್ಲಂದ್ರ ತಮ್ಮನ ಹೆಂಡ್ತಿ ತಪ್ಪು ಕೂಡಸ್ತಾರ. ನಮ್ಮನಿಯವರ ಅಕ್ಕ ಮಾತ್ರ ಭಟ್ಟಿ ಕೂಡಿಸಿದ್ರು! ಒಂದಲ್ಲ ಎರಡಲ್ಲ, ಹನ್ನೊಂದು ಭಟ್ಟಿ. ಸುಳ್ಳ ಅನಸ್ತದೇನು? ಸುಳ್ಳ ಆಗಿದ್ರ ನಾನೂ ಒಂದೀಟು ಆರಾಮ ಇರತಿದ್ದೆ.

ಭಟ್ಟಿ ಅಂದ ಕೂಡಲೆ ಬೇಕರಿದೋ ಇಟ್ಟಂಗಿದೋ ಅಂತ ತಿಳಕೋಬ್ಯಾಡ್ರಿ. ಕರೆಂಟಿನ ಟೋಸ್ಟರ್ ಓವನ್. ರೇಡಿಯೋದಷ್ಟ ಡಬ್ಬಿ, ಮುಂದ ಕಾಚಿನ ಬಾಗಲಾ, ಒಳಗ ಮ್ಯಾಲೊಂದು ಕೆಳಗೊಂದು ಕಾಯಿಲ್. ಎಲ್ಲಾ ಹಳೇ ಕಾಲದ್ದು. ಪುಣೆ ಕ್ಯಾಂಪಿನ ಬಂಗಲೆದವರು ಮನಿ ಖಾಲಿ ಮಾಡಿ ಪರದೇಶಕ್ಕ ಹೋಗೂಮುಂದ ಬಿಟ್ಟು ಹೋದದ್ದು ಹಳೇ ಸಾಮಾನಿನ ಜೂನಾ ಬಾಜಾರಕ್ಕ ಬರತಿತ್ತು. ಅಲ್ಲಿಂದ ರಿಕ್ಷಾದಾಗ ಅಕ್ಕಾರ ತೊಡಿ ಮ್ಯಾಲೆ ಕೂತು ಹನ್ನೆರಡು ಬಿಡಾರದ ನಮ್ಮ ವಾಡಾಕ್ಕ ಬರತಿತ್ತು. ವಾಡಾದ ಮಂದಿ ಅದನ್ನ ಭಟ್ಟಿ ಅಂದ್ರು, ನಾವೂ ಭಟ್ಟಿ ಅಂದ್ವಿ.

ನಾ ಲಗ್ನಾಗಿ ವಿಜಾಪುರದ ಕಡಿಯಿಂದ ಪುಣೆಕ್ಕ ಬಂದದ್ದು ಎಪ್ಪತ್ತರ ಸುಮಾರಿಗೆ. ಮನ್ಯಾಗ ಮೂರ ಮಂದಿ: ನಮ್ಮನಿಯವರು, ನಾನು, ಅವರ ಅಕ್ಕ. ನಮಗ ಮಕ್ಕಳಾಗಲಿಲ್ಲ, ಮೂರು ನಾಕ ಆಗಲಿಲ್ಲ. ಅತ್ತಿ ಮಾವ ಮೊದಲ ತೀರಿಕೊಂಡಿದ್ರು. ಅಕ್ಕಾರು ಕ್ಯಾಂಪಿನ್ಯಾಗ ಒಂದು ಸರಕಾರಿ ಆಫೀಸಿನ್ಯಾಗ ಟೈಪಿಸ್ಟ್. ತಮ್ಮನ್ನ ಓದಿಸಿ, ನೌಕರಿಗೆ ಹಚ್ಚಿ, ಲಗ್ನ ಮಾಡೂದ್ರಾಗ ತಮ್ಮ ಸ್ವಂತ ಲಗ್ನದ ವಯಸ್ಸು ದಾಟಿಸಿಕೊಂಡವ್ರು. ಎರಡೂವರಿ ಖೋಲಿ ಮನಿ. ಮುಂದಿಂದು ಎಲ್ಲಾರದು, ಅರ್ಧಾ ಖೋಲಿ ಅಕ್ಕಾರದು, ಹಿಂದಿನ ಅಡಗಿಮನಿ ನಂದು. ಅಲ್ಲೆ ಯಾರೂ ಕೈ ಆಡಿಸೂಹಂಗ ಇರಲಿಲ್ಲ.

ಇದರಾಗ ಏನು ದೊಡ್ಡ ಮಾತು ಅಂತೀರೇನು? ದೊಡ್ಡ ಮಾತ ಅದ ನೋಡ್ರಿ. ನಮ್ಮ ಕಡೆ ಒಂದು ಮನ್ಯಾಗ ಎರಡು ಒಲಿ ಹತ್ತಿದ್ವು ಅಂದ್ರ ಮನಿ ಒಡೀತು ಅಂತ ಅರ್ಥ. ಒಡದಾಕಿ ಯಾರು ಅಂತ ಯಾರೂ ವಿಚಾರಸೂದಿಲ್ಲ, ಸೊಸಿ ಅಂತ ಎಲ್ಲಾರಿಗೂ ಮೊದಲ ಗೊತ್ತಿರತದ. ಅದಕ್ಕ ಅಕ್ಕಾರು ಮೊದಲನೇ ಭಟ್ಟಿ ತಂದ ದಿನಾನ ಅಡಗಿಮನ್ಯಾಗ ಜಾಗಾ ಇಲ್ಲ ಅಂತ ಖಡಕ್ ಹೇಳಿದೆ. "ಇರಲಿ ಬಿಡು, ನನ್ನ ಖೋಲ್ಯಾಗ ಇರತದ," ಅಂದ್ರು. ಅದನ್ನ ಹಾಸಿಗಿ ಬಾಜೂಕ ಸ್ಟೂಲಿನ ಮ್ಯಾಲೆ ಇಟ್ಟು, ಮ್ಯಾಲೆ ಕ್ರೋಶಾದ ಹೊದಿಕಿ ಹಾಕಿದ್ರು. ಹೊಸಾ ಸೊಸಿಗೂ ಯಾರೂ ಅಷ್ಟು ಉಪಚಾರ ಮಾಡಿರಲಿಲ್ಲ.

ಎರಡನೇದ್ದು ಅಮೇರಿಕಾದ್ದು. ಹಿಂದ ಏನೇನೋ ಇಂಗ್ಲೀಷ್ ಕೆತ್ತಿತ್ತು. ಅಕ್ಕಾರು ಟೈಪಿಸ್ಟ್ ಅಲ್ಲೇನು, ಕನ್ನಡಕ ಏರಿಸಿ ಅಕ್ಷರಾ ಬಿಡದ ಓದಿದ್ರು, ವೋಲ್ಟಿನ ಸಾಲೊಂದು ಬಿಟ್ಟು! ಅದು ನೂರಾಹತ್ತು ವೋಲ್ಟಿಂದಂತ, ನಮ್ಮ ಪುಣೆದ ಕರೆಂಟು ಅದರ ಎರಡರಷ್ಟು. ಬಟನ್ ಒತ್ತಿದ್ರು. ಢಬ್! ವಾಡಾದ ಹನ್ನೆರಡೂ ಬಿಡಾರ ಕತ್ತಲ.

"ಅಕ್ಕಾ, ಏನಾತ್ರಿ?" ಅಂತ ನಾ ಒದರಿದೆ.

"ಏನಿಲ್ಲ. ಅದಕ್ಕ ನಮ್ಮ ಕರೆಂಟು ಜಾಸ್ತಿ ಆತು."

"ಮತ್ತ ನಮಗ?"

"ನಮಗ ಈಗ ಕಡಿಮಿ ಆತು."

ಮರುದಿವಸ ವಾಡಾದ ಮಾಲಕರು ಮೆಟ್ಟಲದ ಬಾಜೂಕ ಒಂದು ಪಾಟಿ ಹಚ್ಚಿದ್ರು. ಪುಣೆದ ಮಂದಿ ಜಗಳಾ ಬಾಯಿಲೆ ಆಡೂದಿಲ್ಲ, ಬರದು ಹಚ್ಚತಾರ. ಮರಾಠಿಯೊಳಗಿದ್ದದ್ದರ ತಾತ್ಪರ್ಯ ಇಷ್ಟು: 'ಭಟ್ಟಿ ಹಚ್ಚುವವರು, ಈ ವಾಡಾದಲ್ಲಿ ಇನ್ನೂ ಹನ್ನೊಂದು ಸಂಸಾರಗಳು ಬದುಕಿವೆ ಎಂಬುದನ್ನು ಮೊದಲು ನೆನೆಯಬೇಕು. ನೆನಪಿನ ಶಕ್ತಿ ಇಲ್ಲದವರು ಕಂದೀಲು ಹಿಡಿದು ಮನೆಮನೆಗೆ ಹೋಗಿ ಕ್ಷಮೆ ಕೇಳಬೇಕು.' ನನಗ ನೆಲಾ ಬಾಯಿ ಬಿಟ್ರ ಸಾಕನಿಸಿತ್ತು. ಅಕ್ಕಾರು ನಿಂತು ಸಾವಕಾಶ ಓದಿದ್ರು. "ಅಕ್ಷರ ಭಾಳ ಛಂದ ಅವ," ಅಂದು ಆಫೀಸಿಗೆ ಹೋದ್ರು.

ಆಮ್ಯಾಲೆ ಒಂದರ ಹಿಂದ ಒಂದು ಭಟ್ಟಿ ಬರತಾನ ಇದ್ವು, ಅವರು ಸ್ಕ್ರೂ ಡ್ರೈವರ್ ಹಿಡಿಯೂದು ಕಲತ್ರು. ಸುಟ್ಟ ಕಾಯಿಲ್ ಬಿಚ್ಚೂದು, ಹೊಸಾದು ಹಾಕೂದು, ಬಾಗಲದ ಸ್ಪ್ರಿಂಗಿಗೆ ಎಣ್ಣಿ ಬಿಡೂದು. ಎಲ್ಲಾ ಭಟ್ಟಿಗೂ ಆಫೀಸಿನ ಹೆಸರು! ಒಂದ ಮಗ್ಗಲಾ ಬಿಸಿ ಆಗೂದು ಹೆಡ್ ಕ್ಲಾರ್ಕ್. ಅರ್ಧಾ ತಾಸು ಕಾದರೂ ಬಿಸಿ ಆಗದ್ದು ಸಾಹೇಬ. ಹಚ್ಚಿದ ಕೂಡಲೆ ಗುರ್ ಅನ್ನೂದು ಜವಾನ. ಐತವಾರ ಬಂತಂದ್ರ ಹೆಡ್ ಕ್ಲಾರ್ಕನ ಹೊಟ್ಟ್ಯಾಗ ಕೈ ಹಾಕಿ ಕೂಡತಿದ್ರು, ಊಟಕ್ಕ ಕರದ್ರೂ ಕೇಳತಿರಲಿಲ್ಲ.

ಒಂದಿನ ಜ್ವಾಳದ ರೊಟ್ಟಿ ಭಟ್ಯಾಗ ಇಟ್ರು. ಕಟಕ ರೊಟ್ಟಿ ಮಾಡ್ತೀನಿ ಅಂತ! ಹೊರಗ ಬಂದದ್ದು ರೊಟ್ಟಿ ಅಲ್ಲ, ಹಂಚು. ನಮ್ಮನಿಯವರು ಒಂದು ತುಂಡು ಬಾಯಾಗ ಹಾಕ್ಕೊಂಡು ಆಫೀಸಿಗೆ ಹೋದ್ರು, ಸಂಜಿಕ ಬಂದಾಗ ಇನ್ನೂ ಬಾಯಾಗ ಇತ್ತು!

"ಹೆಂಗಾಗಿತ್ತೋ?" ಅಂತ ಅಕ್ಕಾರು ಕೇಳಿದ್ರು.

"ಭಾಳ ಛಲೋ ಆಗಿತ್ತಕ್ಕಾ."

ಛಲೋ ಅಂತ! ಸೀಮಿಎಣ್ಣಿ ಸ್ಟೋವಿಗೆ ಪಂಪ ಹೊಡದು ಹೊಡದು ನನ್ನ ರಟ್ಟಿ ಬಿದ್ದು ಹೋಗಿದ್ವು. ಗ್ಯಾಸಿಗೆ ಹೆಸರು ಹಚ್ಚಿ ಆರು ವರ್ಷ ಆಗಿತ್ತು, ನಂಬರ ಬಂದಿರಲಿಲ್ಲ. ನನ್ನ ರೊಟ್ಟಿಗೆ ಆ ಮನುಷ್ಯಾ ಒಂದ ದಿನ ಛಲೋ ಅಂದಿದ್ದಿಲ್ಲ. ಕೇಳಿದ್ರ, "ರೊಟ್ಟಿಗೆ ಏನನ್ನೂದು? ರೊಟ್ಟಿ, ರೊಟ್ಟಿ," ಅಂತಿದ್ರು.

ದೀಪಾವಳಿ ಬಂತು. ನಾನಖಟಾಯಿ ಬೇಯಿಸಾಕ ವಾಡಾದ ಹೆಣ್ಣುಮಕ್ಕಳೆಲ್ಲಾ ಹಿಟ್ಟು ತುಪ್ಪಾ ಕಟಗೊಂಡು ಬೇಕರಿಗೆ ಹೋಗಿ ಪಾಳಿ ಹಚ್ಚೂದು ರೂಢಿ. ಆ ವರ್ಷ ಅಕ್ಕಾರು ಎಲ್ಲಾರನ್ನೂ ತಮ್ಮ ಖೋಲಿಗೆ ಕರದ್ರು. ಹಿಂಗ ಒಂದು, ಹಂಗ ಒಂದು, ಎರಡು ಭಟ್ಟಿ ಹಚ್ಚಿ, ಮಾಲಕರ ಪರವಾನಗಿ ತಗೊಂಡು, ಮೂರು ದಿನ ಬೇಯಿಸಿದ್ದ ಬೇಯಿಸಿದ್ದು. ಮಾಲಕರ ಹೆಂಡ್ತೀದ ಮೊದಲನೇ ಪಾಳಿ! ಹೋಗೂಮುಂದ ಆಕಿ ನನ್ನ ಅಡಗಿಮನಿ ಬಾಗಲಾಗ ನಿಂತು, "ವಹಿನಿ, ತುಮಚ್ಯಾ ವನ್ಸಂಚ್ಯಾ ಹಾತಾಲಾ ಚವ ಆಹೆ ಹೋ!" ಅಂದ್ಲು. ನಾದಿನಿ ಕೈಯಾಗ ರುಚಿ ಅದ ಅಂತ. ನನ್ನ ಕೈಯಾಗ ಏನದ? ಪಂಪ ಹೊಡದ ಗುಳ್ಳಿ ಅದಾವ. ಹೊಟ್ಟಿಕಿಚ್ಚು ಅನ್ರಿ ಬೇಕಾದ್ರ. ಇತ್ತು, ಇಲ್ಲ ಅನ್ನೂದಿಲ್ಲ.

ಖರೇ ಕುತ್ತು ಬಂದದ್ದು ಮುಂದ. ನಮ್ಮನಿಯವರ ಕಾಕು, ಅಂದ್ರ ಚಿಗವ್ವ, ನಾಕು ಮಂದೀನ ಕರಕೊಂಡು ಜೇಜುರಿ ಖಂಡೋಬಾನ ದರ್ಶನಕ್ಕ ಹೊಂಟಾಕಿ ನಮ್ಮಲ್ಲೆ ಇಳದ್ಲು. ನಾ ಮುಂಜಾನಿ ನಾಕಕ್ಕ ಎದ್ದು ಹೋಳಗಿ ಮಾಡಿದೆ, ಕಟ್ಟಿನ ಸಾರು ಮಾಡಿದೆ, ಭಜಿ ಕರದೆ. ಅದೇ ಹೊತ್ತಿಗೆ ಅಕ್ಕಾರು ಅವರನ್ನ ತಮ್ಮ ಖೋಲಿಗೆ ಕರದು, ಭಟ್ಯಾಗ ಸುಟ್ಟ ಬದನೀಕಾಯಿ, ಕೆಂಪಗ ಕಾಸಿದ ಪಾವ್ ತಾಟಿನ್ಯಾಗ ಹಾಕಿ ಕೊಟ್ರು. ಕಾಕು ಅಲ್ಲೆನೂ ತಿಂದ್ಲು, ಇಲ್ಲೆನೂ ಉಂಡ್ಲು, ಜೇಜುರಿ ಭಂಡಾರ ಹಚ್ಚಿಕೊಂಡು ನಮ್ಮ ತವರಿನ ಕಡಿ ಇದ್ದ ತನ್ನೂರಿಗೆ ಹೋದ್ಲು.

ಹದಿನೈದು ದಿನಕ್ಕ ನಮ್ಮವ್ವನ ಪತ್ರಾ. 'ಒಲಿ ಬ್ಯಾರೆ ಮಾಡೀರಂತ. ಗಂಡನ ಅಕ್ಕಗ ನೀ ಅನ್ನಾ ಹಾಕೂದಿಲ್ಲಂತ, ಪಾಪ ಆಕಿ ತನ್ನ ಖೋಲ್ಯಾಗ ಕರೆಂಟಿನ ಮ್ಯಾಲೆ ಬೇಯಿಸಿಕೊಂಡು ತಿಂತಾಳಂತ. ಊರಾಗ ನಮಗ ಮಾರಿ ತೋರಸೂಹಂಗಿಲ್ಲ.'

ಪತ್ರಾ ಹಿಡಕೊಂಡ ಅಕ್ಕಾರ ಖೋಲಿಗೆ ನುಗ್ಗಿದೆ. ಅವರು ಬ್ರಶ್ ತಗೊಂಡು ಸಾಹೇಬನ ಹೊಟ್ಟಿಯಿಂದ ಪಾವಿನ ಪುಡಿ ಉದರಸಲಿಕ್ಕೆ ಹತ್ತಿದ್ರು.

"ಅಕ್ಕಾ, ಈ ಮನ್ಯಾಗ ಇವಾದ್ರೂ ಇರಬೇಕು, ಇಲ್ಲಾ ನಾನಾದ್ರೂ ಇರಬೇಕು!"

ಅವರು ಪತ್ರಾ ಓದಿ ಮಡಿಚಿ ನನ್ನ ಕೈಗೆ ಕೊಟ್ರು. "ಲಗ್ನಾದ ಮೂರನೇ ದಿನ ನೀ ನನಗ ಏನಂದಿ, ನೆನಪದೇನು?"

ನನಗ ನೆನಪಿರಲಿಲ್ಲ.

"'ಇಷ್ಟ ದಿನ ನೀವು ಮಾಡಿ ಹಾಕೀರಿ, ಇನ್ಮ್ಯಾಲೆ ಒಲಿ ಮುಂದ ಬರಬ್ಯಾಡ್ರಿ ಅಕ್ಕಾ, ಆರಾಮ ಕೂಡ್ರಿ' ಅಂದಿ. ಅವ್ವ ಹೋದಾಗ ನನಗ ಹದಿನಾಲ್ಕು ವರ್ಷ. ಅವತ್ತು ಹಿಡದ ಒಲಿ ಅದು. ನೀ ಮೂರನೇ ದಿನಕ್ಕ ಬಿಡಿಸಿದಿ. ಎಲ್ಲಾರೂ ಸೊಸಿ ಭಾಳ ಶಾಣ್ಯಾಕಿ ಅಂದ್ರು. ನನ್ನ ಯಾರೂ ಕೇಳಲಿಲ್ಲ."

"ನಾ ಮರ್ಯಾದಿಗೆ ಅಂದಿದ್ದೆ! ನೀವು ಬಾಯಿಬಿಟ್ಟು ಹೇಳಬೇಕಿತ್ತಲ್ಲ!"

"ನಾನೂ ಮರ್ಯಾದಿಗೇ ಸುಮ್ಮನಿದ್ದೆ."

ಆವಾಗ ನಾ ಏನನಬೇಕಿತ್ತು ಅಂತ ನನಗ ಈಗ ಗೊತ್ತದ. ಆವಾಗ ಮಾತ್ರ ಇಷ್ಟಂದೆ: "ಹಂಗಂತ ಹನ್ನೊಂದು ಒಲಿ ಹಚ್ಚತಾರೇನ್ರಿ?"

ಎರಡು ತಿಂಗಳಿಗೆ ಅಕ್ಕಾರು ದೇಹೂ ರೋಡಿನ ಆಫೀಸಿಗೆ ಬದಲಿ ಬೇಡಿ ತಗೊಂಡ್ರು. ಅಲ್ಲೆ ಕ್ವಾರ್ಟರ್ಸ್ ಸಿಕ್ತು. ಹನ್ನೊಂದೂ ಭಟ್ಟಿ ಹಳೇ ಸೀರ್ಯಾಗ ಸುತ್ತಿ ಟೆಂಪೋದಾಗ ಹೇರಿದ್ರು. ನಮ್ಮನಿಯವರು ಗೋಡಿಗೆ ಮಾರಿ ಮಾಡಿ ನಿಂತಿದ್ರು. ವಾಡಾದ ಹೆಣ್ಣುಮಕ್ಕಳು ಕಟ್ಟಿ ಮ್ಯಾಲೆ ನಿಂತು ಅಕ್ಕಾರನ್ನೂ ನೋಡಿದ್ರು, ನನ್ನನ್ನೂ ನೋಡಿದ್ರು. ಊರ ಮಂದಿ ಸುಳ್ಳಸುಳ್ಳ ಆಡಿದ್ದನ್ನ ನಾನ ಖರೇ ಮಾಡಿ ಕೊಟ್ಟಿದ್ದೆ.

ಮಾಲಕರು ಪಾಟಿ ತಗದ್ರು. ದೀಪಾ ಒಮ್ಮೆನೂ ಹೋಗಲಿಲ್ಲ. ಗೆದ್ದೆ ನೋಡ್ರಿ! ನಮ್ಮನಿಯವರು ಪ್ರತಿ ಐತವಾರ ಮುಂಜಾನಿ ಲೋಕಲ್ ಗಾಡಿ ಹಿಡದು ದೇಹೂ ರೋಡಿಗೆ ಹೋಗತಿದ್ರು, ಸಂಜಿಕ ಬಂದು "ಹಸಿವಿಲ್ಲ" ಅಂತಿದ್ರು. ಅಲ್ಲೆ ಏನು ತಿಂದ್ರಿ ಅಂದ್ರ ಒಂದು ಅಕ್ಷರ ಬಾಯಿ ಬಿಡತಿರಲಿಲ್ಲ. ನನ್ನ ಐತವಾರದ ಅಡಗಿ ನಾನ ಸೋಮವಾರ ತಿಂತಿದ್ದೆ. ಹಿಂಗ ಒಂದೂವರಿ ವರ್ಷ.

ಒಂದು ಐತವಾರ ನಮ್ಮನಿಯವರಿಗೆ ಆಫೀಸಿನ ಕೆಲಸಾ ಬಂತು. ನನಗೇನು ತಿಳೀತೋ, ನಾ ಹೊಂಟೆ. ಜಗಳಾ ಆಡಾಕಂತನ ಹೊಂಟೆ, ಸುಳ್ಳ್ಯಾಕ ಹೇಳ್ಲಿ? ಬರೀ ಕೈಲೆ ಹ್ಯಾಂಗ ಹೋಗೂದಂತ ಶೇಂಗಾ ಚಟ್ನಿ ಒಂದು ಡಬ್ಬಿ ಕಟಗೊಂಡೆ. ಲೋಕಲಿನ್ಯಾಗ ಕೂತು ಏನೇನನಬೇಕು ಅಂತ ಎಲ್ಲಾ ಸಾಲಾಗಿ ಹೊಂದಿಸಿಕೊಂಡಿದ್ದೆ.

ಅಕ್ಕಾರು ಬಾಗಲಾ ತಗದ್ರು. ತಲಿ ಪೂರಾ ಬೆಳ್ಳಗಾಗಿತ್ತು. "ಬಾ," ಅಂದ್ರು, ಅಷ್ಟ. ಒಂದು ಖೋಲಿ, ಅದರ ಹಿಂದ ಒಂದು ಅಡಗಿಮನಿ. ಕಟ್ಟಿ ಮ್ಯಾಲೆ ಸಾಲಾಗಿ ಭಟ್ಟಿ, ಒಂದರಾಗ ಏನೋ ಬೇಯತಿತ್ತು. ನಾ ರೂಢಿ ಬಲದಿಂದ ಸೆರಗು ಸಿಗಿಸಿಕೊಂಡು ಒಳಗ ಹೊಂಟೆ.

"ಎಲ್ಲೆ ಹೊಂಟಿ? ಕೂಡ್ರು ಅಲ್ಲೆ."

ಮಣಿ ಹಾಕಿದ್ರು, ತಾಟು ಇಟ್ರು. ಭಟ್ಯಾಗಿಂದ ಬಾಟಿ ತಗದ್ರು, ಗೋದಿಹಿಟ್ಟಿನ ಉಂಡಿ ಕೆಂಪಗ ಸುಟ್ಟದ್ದು. ಕೈ ಸುಟಗೋತ ಮುರದು, ತುಪ್ಪಾ ಸುರುವಿ, ಮ್ಯಾಲೆ ಬಿಸಿ ತೊವ್ವಿ ಹಾಕಿದ್ರು. ಹಬಿ ನನ್ನ ಮಾರಿಗೆ ಬಡೀತು.

ಮೊದಲನೇ ತುತ್ತು ಬಾಯಾಗ ಇಟ್ಟೆ, ಅಳು ಬಂತು. ಪುಣೆಕ್ಕ ಬಂದು ಹದಿನೈದು ವರ್ಷದ ಮ್ಯಾಲಾಗಿತ್ತು. ಎಲ್ಲಾರದೂ ಆದಮ್ಯಾಲೆ ಪಾತೇಲಿ ತಳಾ ಕೆರಕೊಂಡು ಆರಿದ್ದು ಉಂಡಾಕಿ ನಾ. ನನ್ನ ಮುಂದ ತಾಟಿಟ್ಟು, ಬಿಸೀದು ಬಡಿಸಿ, ಉಣ್ಣು ಅಂದವ್ರು ಈ ಊರಾಗ ಒಬ್ರೂ ಇರಲಿಲ್ಲ. ಒಲಿ ನಂದು ಅಂತ ಅಷ್ಟು ಹೊಡದಾಡಿದೆನಲ್ಲ, ಇದೊಂದು ನನಗ ಹೊಳದೇ ಇರಲಿಲ್ಲ. ಲೋಕಲಿನ್ಯಾಗ ಹೊಂದಿಸಿದ್ದ ಮಾತು ಒಂದೂ ನೆನಪಾಗಲಿಲ್ಲ.

"ಅಕ್ಕಾ," ಅಂದೆ, "ನನ್ನ ಮ್ಯಾಲಿನ ಸಿಟ್ಟು ಹೋತೇನ್ರಿ?"

"ಇಲ್ಲ, ಹೋಗಿಲ್ಲ," ಅಂದ್ರು. "ಉಣ್ಣು ಮೊದಲ, ಆರತದ."

ಅಂದು, ನನ್ನ ಕೇಳದನ ಇನ್ನೊಂದು ಬಾಟಿ ತಾಟಿಗೆ ಮುರದು ಹಾಕಿ, ನಾ ಉಂಡು ಮುಗಸೂತನಕ ಎದುರಿಗೇ ಕೂತ್ರು.