ಬಾಡಿಗೆ ಮನೆಯಲ್ಲಿ ಕೊಬ್ಬಿನಾಮ್ಲ

ವಿಜ್ಞಾನವನ್ನು ಕನ್ನಡಕ್ಕೆ ತಂದ ಮಹನೀಯರು ಯಾರೂ ಬಾಡಿಗೆ ಮನೆಯಲ್ಲಿ ಇದ್ದವರಲ್ಲ ಎಂದು ನನಗೆ ಬಲವಾದ ಅನುಮಾನ. ಇದ್ದಿದ್ದರೆ ‘ಫ್ಯಾಟಿ ಆಸಿಡ್’ ಎಂಬ ನಿರುಪದ್ರವಿ ವಸ್ತುವಿಗೆ ‘ಕೊಬ್ಬಿನಾಮ್ಲ’ ಎಂದು ಹೆಸರಿಡುತ್ತಿದ್ದರೇ? ಆ ಒಂದು ಶಬ್ದ ನನ್ನನ್ನು ಬೀದಿಗೆ ತರುವುದರಲ್ಲಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮೂಡುಬಿದಿರೆ ಹತ್ತಿರದ ಮಿಜಾರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಉಳಿದ ಹೊತ್ತು ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಹರಳು ಗಿಡದ ಜೀನ್ ಸೇರಿಸಿ, ಹರಳೆಣ್ಣೆಯಲ್ಲಿರುವ ಅಪರೂಪದ ಕೊಬ್ಬಿನಾಮ್ಲವನ್ನು ಅದರಿಂದ ಮಾಡಿಸಲು ಹೆಣಗುತ್ತಿದ್ದೆ. ಗ್ರೀಸು, ಬಣ್ಣ, ಪ್ಲಾಸ್ಟಿಕ್ಕು ಮಾಡುವವರಿಗೆ ಅದು ಬೇಕು. “ಹರಳೆಣ್ಣೆ ಬಿ.ಸಿ.ರೋಡಿನ ಅಂಗಡಿಯಲ್ಲೇ ಉಂಟಲ್ಲ?” ಎಂದು ಕೇಳದ ನೆಂಟರಿಲ್ಲ. ಅದನ್ನೂ ನುಂಗಿಕೊಂಡಿದ್ದೆ.

ಮೂಡುಬಿದಿರೆಯ ನಮ್ಮ ಮನೆಯೊಡತಿ ಸುಮತಿಯಮ್ಮ ಜೈನರು. ಇರುವೆ ಸಾಲು ಕಂಡರೆ ಸುತ್ತಿ ನಡೆಯುವವರು. ಒಂದು ಸಂಜೆ ಅವರ ಜಗಲಿಯಲ್ಲಿ ಕುಳಿತ ನನ್ನ ಗಂಡ, ಹೆಂಡತಿಯ ಹೆಚ್ಚುಗಾರಿಕೆ ಹೇಳಲು ಹೋಗಿ, “ಇವಳು ಜೀವಿಗಳನ್ನು ಸಾಕಿ ಕೊಬ್ಬಿನಾಮ್ಲ ತೆಗೀತಾಳೆ” ಎಂದುಬಿಟ್ಟರು.

ಮರುದಿನ ಬೆಳಿಗ್ಗೆಯೇ ಸುಮತಿಯಮ್ಮ ಬಾಗಿಲಲ್ಲಿ. “ಟೀಚರೇ, ಸಾಕುವುದು ಸರಿ. ಕೊಬ್ಬು ತೆಗೀಲಿಕ್ಕೆ ಅವನ್ನು ಕೊಲ್ಲಬೇಕಲ್ಲ?”

“ಅಮ್ಮ, ಅದು ಯೀಸ್ಟ್. ಕಣ್ಣಿಗೇ ಕಾಣುವುದಿಲ್ಲ.”

“ಕಾಣದಿದ್ದರೆ ಜೀವ ಇಲ್ಲವಾ? ಬೇರೆ ಮನೆ ನೋಡಿಕೊಳ್ಳಿ. ಬೇಜಾರು ಮಾಡಬೇಡಿ.”

ಬೇಜಾರಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು. ವಿಜ್ಞಾನಿಯನ್ನು ಕಟುಕಿಯಂತೆ ಕಾಣುವುದೇ? ಗಂಡನ ಮೇಲೆ ಹರಿಹಾಯ್ದೆ. “ನಾನು ಹೊಗಳಿದ್ದಲ್ಲವಾ ಮಾರಾಯ್ತಿ!” ಎಂದರು. ಅದೇ ಸಿಟ್ಟಿನಲ್ಲಿ ಸುಮತಿಯಮ್ಮನನ್ನು ಬಸ್ಸು ಹತ್ತಿಸಿ, ನಾನು ತೆಗೆಯುವುದು ಬರೀ ಎಣ್ಣೆ ಎಂದು ದಾರಿಯುದ್ದಕ್ಕೂ ಹೇಳುತ್ತ ಲ್ಯಾಬಿಗೇ ಕರೆದೊಯ್ದೆ.

ಅವರು ಫ್ಲಾಸ್ಕಿನ ಮಜ್ಜಿಗೆಯಂಥ ದ್ರವವನ್ನು ಬಗ್ಗಿ ನೋಡಿದರು. “ಎಣ್ಣೆ ಎಲ್ಲಿ?” ತಿಂಗಳುಗಟ್ಟಲೆ ದುಡಿದು ತೆಗೆದದ್ದನ್ನು ತೋರಿಸಿದೆ. ಪುಟ್ಟ ಸೀಸೆಯ ತಳದಲ್ಲಿ ಒಂದಿಷ್ಟು ಹೊಳಪು. ಅವರು ಸೀಸೆಯನ್ನು ಓರೆಮಾಡಿ, ಬೆಳಕಿಗೆ ಹಿಡಿದು, “ಇಷ್ಟೇಯಾ?” ಎಂದರು.

“ಇಷ್ಟೇ.”

ಅವರ ಮುಖ ಕರುಣೆಯಿಂದ ಮೆತ್ತಗಾಯಿತು. “ಇದರಲ್ಲಿ ದೀಪದ ಬತ್ತಿಯೂ ನೆನೆಯಲಿಕ್ಕಿಲ್ಲ. ನಿಮ್ಮಿಂದ ದೊಡ್ಡ ಪಾಪ ಏನೂ ಆಗುವ ಹಾಗೆ ಕಾಣುವುದಿಲ್ಲ. ಈ ಮನೆಯಲ್ಲೇ ಇರಿ ಟೀಚರೇ.”

ನನ್ನ ಸಂಶೋಧನೆಯನ್ನು ಇಷ್ಟು ಪ್ರೀತಿಯಿಂದ ಯಾರೂ ಅವಮಾನಿಸಿರಲಿಲ್ಲ. ತಕ್ಕ ಉತ್ತರ ನಾಲಗೆಯ ತುದಿಯಲ್ಲಿತ್ತು. ಆದರೆ ಆ ಬಾಡಿಗೆಗೆ, ಬಾವಿ ಇರುವ ಮನೆ ಇನ್ನೆಲ್ಲಿ? ತಲೆಯಾಡಿಸಿದೆ.

ಮರುವರ್ಷ ಯೀಸ್ಟ್ ಒಲಿಯಿತು. ಸೀಸೆಯ ಅರ್ಧದವರೆಗೆ ಎಣ್ಣೆ! ವಿಭಾಗದಲ್ಲಿ ಲಾಡು ಹಂಚಿದರು. ಸಂಜೆ ಗೇಟಿನ ಬಳಿ ಸುಮತಿಯಮ್ಮ, “ಎಣ್ಣೆ ಏನಾದರೂ ಬಂತಾ?” ಎಂದು ಅಕ್ಕರೆಯಿಂದ ಕೇಳಿದರು.

“ಎಲ್ಲಿಂದ ಅಮ್ಮ!” ಎಂದೆ, ಲಾಡಿನ ಪೊಟ್ಟಣವನ್ನು ಸೆರಗಿನೊಳಗೆ ಸೇರಿಸುತ್ತ.

“ಪಾಪ, ಎಲ್ಲರಿಗೂ ಎಲ್ಲ ಬರುವುದಿಲ್ಲ” ಎಂದು ಅವರು ನನ್ನ ಬೆನ್ನು ಸವರಿದರು. ಆದಷ್ಟು ಸೋತ ಮುಖ ಮಾಡಿಕೊಂಡು ಒಳಗೆ ಹೋದೆ.