ಕಾಣದ ಕ್ಯಾಲಿಪರಿಗೆ ಕೆಂಪು ಬಣ್ಣ

ಮೊದಲೇ ಹೇಳಿಬಿಡುತ್ತೇನೆ, ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ನನ್ನ ಕಾರು, ನನ್ನ ಅಂಗಳ, ನನ್ನ ಭಾನುವಾರ, ನನ್ನ ಬ್ರಷ್ಷು. ಇವುಗಳಲ್ಲಿ ಯಾವುದೂ ನೆರೆಮನೆಯಿಂದ ಕೇಳಿ ತಂದದ್ದಲ್ಲ. ಆದರೂ ನಾನು ಕಾರಿನ ಬ್ರೇಕಿಗೆ ಕೆಂಪು ಬಣ್ಣ ಹಚ್ಚಿದೆ ಎಂಬ ಸುದ್ದಿ ಹಬ್ಬಿದ ದಿನದಿಂದ ಶಹಾಪುರದಲ್ಲಿ ಜನ ನನ್ನನ್ನು ನೋಡುವ ರೀತಿಯೇ ಬದಲಾಗಿದೆ. ಸ್ಟಾಫ್ ರೂಮಿನಲ್ಲಿ ಚಹಾದ ಕಪ್ಪು ಕೈಗಿಡುತ್ತ "ಆರಾಮ ಇದ್ದೀರಲ್ರಿ ಸರ್?" ಎಂದು ಬೇಕಾದ್ದಕ್ಕಿಂತ ಮೃದುವಾಗಿ ಕೇಳುತ್ತಾರೆ. ಒಬ್ಬ ಮನುಷ್ಯ ಇಸ್ಪೀಟು ಆಡಿದರೆ ಅದಕ್ಕೊಂದು ಕಾರಣ ಹುಡುಕಿ ಸುಮ್ಮನಾಗುವ ಜನ, ಕಣ್ಣಿಗೆ ಕಾಣದ ಕಡೆ ಬಣ್ಣ ಹಚ್ಚಿದವನನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ.

ಕ್ಯಾಲಿಪರ್ ಎಂದರೆ ಏನೆಂದು ಕೇಳುವವರಿಗೆ ನಾನು ಬೇಸರಿಸದೆ ಹೇಳುತ್ತೇನೆ. ಕಾರಿನ ಚಕ್ರದ ಹಿಂದೆ ಚಕ್ರದ ಜೊತೆಗೇ ತಿರುಗುವ ಒಂದು ಕಬ್ಬಿಣದ ತಟ್ಟೆ ಇರುತ್ತದೆ. ಬ್ರೇಕ್ ತುಳಿದಾಗ ಆ ತಟ್ಟೆಯನ್ನು ಎರಡೂ ಮಗ್ಗುಲಿನಿಂದ ಅಮುಕಿ ನಿಲ್ಲಿಸುವ ಗಟ್ಟಿ ಹಿಡಿಕೆಯೇ ಕ್ಯಾಲಿಪರ್. ಬಿಸಿ ಪಾತ್ರೆಯನ್ನು ಇಕ್ಕಳ ಕಚ್ಚಿ ಹಿಡಿಯುತ್ತದಲ್ಲ, ಹಾಗೆ. ಕಾರಿನಲ್ಲಿ ಕೂತವರ ಜೀವ ಉಳಿಸುವುದು ಅದೇ. ತುಕ್ಕು ಹಿಡಿದು ಕತ್ತಲಲ್ಲಿ ಬಿದ್ದಿರುವುದೂ ಅದೇ. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಪಿರಿಯಡ್ಡನ್ನು ಗಣಿತದವರು ಕೇಳದೆಯೇ ತೆಗೆದುಕೊಳ್ಳುತ್ತಾರೆ, ಪರೀಕ್ಷೆ ದೂರವಿದ್ದರೆ ಕೇಳಿ ತೆಗೆದುಕೊಳ್ಳುತ್ತಾರೆ. ಹೀಗಾಗಿ ಕತ್ತಲಲ್ಲಿ ಇದ್ದುಕೊಂಡು ಕೆಲಸ ಮಾಡುವ ವಸ್ತುಗಳ ಮೇಲೆ ನನಗೆ ಮೊದಲಿನಿಂದಲೂ ಒಂದು ಮಮತೆ.

ಆದರೆ ಈ ಹುಚ್ಚು ಹತ್ತಿದ್ದು ಯಾದಗಿರಿಯಲ್ಲಿ. ಯಾವುದೋ ತರಬೇತಿಗೆಂದು ಹೋಗಿದ್ದೆ. ಊಟದ ಬಿಡುವಿನಲ್ಲಿ ಹೊರಗೆ ಬಂದರೆ ಬೇವಿನ ಮರದ ಕೆಳಗೆ ಒಂದು ದೊಡ್ಡ ಕಾರು ನಿಂತಿತ್ತು. ಅದರ ಅಗಲವಾದ ಚಕ್ರದ ಕಡ್ಡಿಗಳ ನಡುವಿನಿಂದ ಕೆಂಪು ಕ್ಯಾಲಿಪರ್ ಇಣುಕುತ್ತಿತ್ತು. ಮೈಯೆಲ್ಲ ಬೂದು ಬಣ್ಣದ ಗಾಡಿ, ಒಳಗೆ ಒಂದೇ ಒಂದು ಕೆಂಪು. ಎಲ್ಲಿ ಬಣ್ಣ ಇಡಬೇಕು, ಎಲ್ಲಿ ಬಿಡಬೇಕು ಎಂದು ನಾನು ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಹೇಳುತ್ತಿರುವುದನ್ನು ಯಾರೋ ಚಕ್ರದಲ್ಲಿ ಮಾಡಿ ತೋರಿಸಿದ್ದರು. ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಲೇ ಇದ್ದೆ. ಆ ಗಾಡಿಯ ಡ್ರೈವರ್ ಓಡಿ ಬಂದು "ಏನ್ರಿ, ಪಂಚರ್ ಆಗ್ಯಾದೇನು?" ಎಂದ. "ಇಲ್ಲಪ್ಪಾ, ಚಂದ ಅದ" ಎಂದೆ. ಅವನು ಚಕ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಗಾಡಿಯನ್ನು ಬೇರೆ ಮರದ ಕೆಳಗೆ ಒಯ್ದು ನಿಲ್ಲಿಸಿದ.

ನನ್ನ ಕಾರು ಸಣ್ಣದು, ಎರಡನೇ ಕೈಯದು. ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಸಿ ತಡೆಯುವ ಬಣ್ಣ ಕೇಳಿದರೆ ಅಂಗಡಿಯವರು ಸೈಲೆನ್ಸರಿಗೆ ಹಚ್ಚುವ ಕಪ್ಪು ಬಣ್ಣ ಎತ್ತಿಟ್ಟರು. ಕೆಂಪು ಬೇಕೆಂದೆ. "ಕೆಂಪಂದ್ರ ಕಾರಹುಣ್ಣಿವಿಗಿ ಎತ್ತಿನ ಕೋಡಿಗಿ ಹಚ್ಚೋದು ಅದ ನೋಡ್ರಿ, ಅದನ್ನ ಒಯ್ರಿ" ಎಂದರು. ನನ್ನದು ಎತ್ತಲ್ಲ ಎಂದು ಸಿಟ್ಟಿನಿಂದ ಹೇಳಿ, ಸರಿಯಾದ ಬಣ್ಣವನ್ನೇ ಕಲಬುರಗಿಯಿಂದ ತರಿಸಿಕೊಂಡೆ. ನಾಲ್ಕು ಚಕ್ರಕ್ಕೆ ಸಾಕಾಗುವ ಡಬ್ಬಿ. ಭಾನುವಾರ ಬೆಳಿಗ್ಗೆ ಚಕ್ರಕ್ಕೆ ಕಲ್ಲು ಕೊಟ್ಟು, ಜ್ಯಾಕ್ ಏರಿಸಿ, ಹಿಂದಿನ ಚಕ್ರ ಬಿಚ್ಚಿ ನೋಡಿದರೆ ಅಲ್ಲಿ ಕ್ಯಾಲಿಪರೇ ಇಲ್ಲ! ನನ್ನಂಥ ಬಡಪಾಯಿಗಳ ಗಾಡಿಗೆ ಅದು ಮುಂದಿನ ಎರಡೇ ಚಕ್ರಕ್ಕಂತೆ. ಹಿಂದೆ ದುಂಡನೆಯ ಡ್ರಮ್ಮು ಮಾತ್ರ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನನ್ನ ಕಾರಿನ ಚಕ್ರಗಳ ಮೇಲೆ ಪ್ಲಾಸ್ಟಿಕ್ ಕ್ಯಾಪು, ಅದರ ಕೆಳಗೆ ಉಕ್ಕಿನ ರಿಮ್ಮು, ರಿಮ್ಮಿನಲ್ಲಿ ಹೆಬ್ಬೆರಳು ತೂರುವಷ್ಟೇ ತೂತು. ಒಳಗೆ ಕೆಂಪಿರಲಿ, ಹಸಿರಿರಲಿ, ಹೊರಗೆ ನಿಂತವನಿಗೆ ಏನೂ ಕಾಣದು.

ಯಾರೇ ಆಗಲಿ ಅಲ್ಲಿಗೆ ಡಬ್ಬಿ ಮುಚ್ಚಿ ಸ್ನಾನಕ್ಕೆ ಹೋಗುತ್ತಿದ್ದರು. ನಾನು ಮುಂದಿನ ಚಕ್ರ ಬಿಚ್ಚಿದೆ. ಕಾಣದಿದ್ದರೆ ಬಿಡಲಿ. ನೋಡುವವರಿಲ್ಲ ಎಂದು ಕೈಬಿಡುವುದಾಗಿದ್ದರೆ ನನ್ನ ನೌಕರಿಯನ್ನೇ ಎಂದೋ ಬಿಡಬೇಕಿತ್ತು. ತಂತಿಬ್ರಷ್ಷಿನಿಂದ ತುಕ್ಕು ಉಜ್ಜಿದೆ, ಮರಳು ಕಾಗದದಿಂದ ತಿಕ್ಕಿದೆ, ತಟ್ಟೆಗೆ ಬಣ್ಣ ಸಿಡಿಯದಂತೆ ಹಳೆಯ ಪೇಪರು ಸುತ್ತಿ ಟೇಪು ಅಂಟಿಸಿದೆ. ಮೂಲೆ ಮೂಲೆಗೂ ಬ್ರಷ್ಷು ಹೋಗಲೆಂದು ಕ್ಯಾಲಿಪರಿನ ಹಿಂದಿನ ಎರಡು ಬೋಲ್ಟು ತೆಗೆದು, ಅದರ ರಬ್ಬರ್ ಪೈಪಿಗೆ ಭಾರ ಬೀಳದ ಹಾಗೆ ಮೇಲಕ್ಕೆ ಒಂದು ಹಗ್ಗದಿಂದ ಕಟ್ಟಿದೆ. ಸರಿಯಾಗಿ ಆ ಹೊತ್ತಿಗೇ ನನ್ನ ಹೆಂಡತಿ ಶರಣಮ್ಮ ಚಹಾ ಹಿಡಿದು ಅಂಗಳಕ್ಕೆ ಬಂದಳು.

"ಇದೇನ್ರಿ ಜೋತಾಡಾಕತ್ತದ?"

"ಬ್ರೇಕು."

ಅವಳು ಚಹಾವನ್ನು ಕಟ್ಟೆಯ ಮೇಲಿಟ್ಟಳು. "ಬ್ರೇಕಿಗಿ ಹಗ್ಗ ಕಟ್ಟೀರಿ?"

ಎಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿ ಒಂದೇ ಮಾತು ಹೇಳಿದಳು: "ಖಾಜಾಸಾಬ್ರಿಗಿ ತೋರಸ್ರಿ. ಅವರು ಹೂಂ ಅಂದ ಮ್ಯಾಲ ಕೂಡ್ತೀನಿ. ಅಲ್ಲೀತನ ಈ ಗಾಡ್ಯಾಗ ಕಾಲಿಡಂಗಿಲ್ಲ." ಖಾಜಾಸಾಬರು ನಮ್ಮ ಮೆಕ್ಯಾನಿಕ್. ಒಳ್ಳೆಯವರು. ಆದರೆ ನನಗೆ ರೇಗಿತು. "ನನ್ನ ಕೈ ಮ್ಯಾಲ ನಂಬಿಕಿ ಇದ್ರ ಕೂಡು, ಇಲ್ಲಂದ್ರ ಬಿಡು. ಯಾರ ಸರ್ಟಿಫಿಕೇಟೂ ನನಗ ಬ್ಯಾಡ" ಎಂದೆ. "ಆತು, ಬಿಟ್ಟೆ" ಎಂದಳು. ಬಣ್ಣ ಹಚ್ಚಿ ಆರಿಸಿ, ಕ್ಯಾಲಿಪರನ್ನು ಮತ್ತೆ ಕೂಡಿಸುವ ಹೊತ್ತಿಗೆ ಹೆಡ್‌ಮಾಸ್ತರರ ಫೋನು ಬಂತು. ಮಾತು ಮುಗಿಸಿ ಬಂದು ಉಳಿದ ಕೆಲಸ ಪೂರೈಸಿದೆ. ಮೂರು ಕೋಟು ಬಣ್ಣ. ಎಷ್ಟು ಚಂದ ಬಂದಿತ್ತೆಂದರೆ ಚಕ್ರ ಹಾಕಲು ಮನಸ್ಸೇ ಬರಲಿಲ್ಲ.

ಶರಣಮ್ಮ ಗೋಗಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ದಿನಾ ಬೆಳಿಗ್ಗೆ ಗೋಗಿಯ ಆಟೋ ನಿಲ್ಲುವ ಜಾಗದವರೆಗೆ ಅವಳನ್ನು ಕಾರಿನಲ್ಲಿ ಬಿಡುವುದು ನನ್ನ ಕೆಲಸವಾಗಿತ್ತು. ಸೋಮವಾರದಿಂದ ಅವಳು ನಡೆದೇ ಹೊರಟಳು. ನಾನು ಪಕ್ಕದಲ್ಲಿ ನಿಧಾನವಾಗಿ ಕಾರು ನಡೆಸುತ್ತ ಹೋದೆ. ಅವಳು ತಿರುಗಿ ನೋಡಲಿಲ್ಲ. ನಾನು ಚಕ್ರದ ಕ್ಯಾಪುಗಳನ್ನು ತೆಗೆದುಬಿಟ್ಟಿದ್ದೆ, ತೂತಿನಿಂದಾದರೂ ಕೆಂಪು ಕಾಣಲೆಂದು. ದಾರಿಯುದ್ದಕ್ಕೂ ಜನ ಕೈ ಮಾಡಿ "ಮಾಸ್ತರ್ರಿ, ಕ್ಯಾಪ್ ಬಿದ್ದಾವ್ರಿ!" ಎಂದು ಕೂಗಿದರು. ಕೆಂಪು ಕಾಣುತ್ತದೆ ಎಂದು ಒಬ್ಬನೂ ಹೇಳಲಿಲ್ಲ.

ನಮ್ಮಿಬ್ಬರ ಹಟ ಹೀಗೇ ನಡೆದಿರುವಾಗ ಸುರಪುರದಿಂದ ನಮ್ಮ ಅತ್ತೆಯವರನ್ನು ಕರೆತರುವ ಸಂದರ್ಭ ಬಂತು. ಅವರ ಕಣ್ಣಿಗೆ ಪೊರೆ ಬಂದು ಆಪರೇಷನ್ ಮಾಡಿಸಬೇಕಿತ್ತು. ಶರಣಮ್ಮ ಬಸ್ಸು ಹತ್ತಿದಳು. ನಾನು ಖಾಲಿ ಕಾರು ತೆಗೆದುಕೊಂಡು ಬಸ್ಸಿನ ಹಿಂದೆ ಹೊರಟೆ. ಬಸ್ಸು ನಿಂತಲ್ಲೆಲ್ಲ ನಾನೂ ಬ್ರೇಕು ಹಾಕುತ್ತಿದ್ದೆ. ಎಷ್ಟು ಚೆನ್ನಾಗಿ ನಿಲ್ಲುತ್ತದೆ ಎಂದು ಅವಳು ಹಿಂದಿನ ಕಿಟಕಿಯಿಂದ ನೋಡಲಿ ಎಂದು. ಹತ್ತಿಗೂಡೂರು ಕ್ರಾಸಿನಲ್ಲಿ ಅವಳು ನಿದ್ದೆ ಮಾಡುತ್ತಿದ್ದುದು ಕಾಣಿಸಿತು. ಕಾಲುವೆಯ ನೀರಾವರಿ ಬಂದ ಮೇಲೆ ನಮ್ಮ ಕಡೆಯ ರಸ್ತೆಗಳಲ್ಲಿ ಧೂಳು ಹೋಗಿ ರಾಡಿ ಬಂದಿದೆ. ಭತ್ತದ ಗದ್ದೆಯಿಂದ ಹೊರಬಂದ ಟ್ರ್ಯಾಕ್ಟರುಗಳು ಕಪ್ಪು ಎರಿಮಣ್ಣನ್ನು ಡಾಂಬರಿನ ಮೇಲೆ ಬಳಿದು ಹೋಗಿರುತ್ತವೆ. ಸುರಪುರ ಹತ್ತಿರ ಬರುವ ಹೊತ್ತಿಗೆ ಇಳಿದು ನೋಡಿದರೆ ನನ್ನ ಮೂರು ಕೋಟು ಬಣ್ಣದ ಮೇಲೆ ನಾಲ್ಕನೆಯದಾಗಿ ಕಪ್ಪು ಕೋಟು ಬಿದ್ದಿತ್ತು. ಬಿಟ್ಟೇನೆಯೇ? ಕಾಲುವೆಯ ಮೆಟ್ಟಿಲಿಳಿದು ಬಕೆಟ್ಟಿನಲ್ಲಿ ನೀರು ತಂದು, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ತೂತಿನೊಳಗೆ ತೂರಿಸಿ ತೊಳೆದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ನೋಡಲಿ.

ನಾನು ತಲುಪುವಷ್ಟರಲ್ಲಿ ಶರಣಮ್ಮ ತವರಿನಲ್ಲಿ ಎಲ್ಲ ವರದಿ ಒಪ್ಪಿಸಿಯಾಗಿತ್ತು. ಅತ್ತೆಯವರು ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದರು. ಕಣ್ಣು ಮಂಜಾದರೂ ಬೆರಳಿನಿಂದ ಮುಟ್ಟಿ ಮುಟ್ಟಿ ಹೊಲಿಯುತ್ತಾರೆ. "ಅಳಿಯಂದ್ರ, ಗಾಲ್ಯಾಗ ಏನೋ ಮಾಡೀರಂತಲ್ಲ, ನಡೀರಿ ನೋಡೂಣು" ಎಂದು ಎದ್ದರು. ಗೋಡೆ ಹಿಡಿದು ಹೊರಗೆ ಬಂದು, ಚಕ್ರದ ಮುಂದೆ ಕೂತು, ತೂತಿಗೆ ಕಣ್ಣು ಹಚ್ಚಿದರು. ಆಮೇಲೆ ಇನ್ನೊಂದು ಕಣ್ಣನ್ನೂ ಹಚ್ಚಿದರು.

"ಕೆಂಪಂದು ಏನೋ ಅದ" ಎಂದರು ಕೊನೆಗೆ.

ಇಡೀ ಜಿಲ್ಲೆಯಲ್ಲಿ ನನ್ನ ಕೆಂಪನ್ನು ಕಂಡವರು ಕಣ್ಣಿಗೆ ಪೊರೆ ಬಂದ ಇವರೊಬ್ಬರೇ! "ಹೌದ್ರಿ ಅತ್ತಿ, ಅದೇ ನೋಡ್ರಿ!" ಎಂದು ನಾನು ಕೂಗಿಯೇಬಿಟ್ಟೆ.

"ಯವ್ವಾ, ಬಸ್ಸಿಗಿ ಹೋಗೂಣು. ಇವರು ಬ್ರೇಕ್ ಬಿಚ್ಚ್ಯಾರ" ಎಂದಳು ಶರಣಮ್ಮ.

"ಯಾರಿಗೂ ಕಾಣಲಾರದ್ದು ಇಷ್ಟು ನಿಗಾ ಇಟ್ಟು ಮಾಡ್ಯಾರ, ಉಳದದ್ದು ಕೆಡಸ್ತಾರೇನ? ನಾ ಗಾಡ್ಯಾಗ ಹೋಗಾಕಿ. ನೀ ಬೇಕಾದ್ರ ಬಸ್ಸಿಗಿ ಬಾ."

ನಮ್ಮ ಮದುವೆಯಲ್ಲಿ ಅತ್ತೆಯವರು ಕೊಟ್ಟ ಕೌದಿ ಒಮ್ಮೆ ಮೂಲೆಯಲ್ಲಿ ಹರಿದಿತ್ತು. ಹೊರಗೆಲ್ಲ ಸಾದಾ ಬಟ್ಟೆಯ ತುಂಡುಗಳು. ಒಳಪದರದಲ್ಲಿ ನೋಡಿದರೆ ಅವರ ಸ್ವಂತ ಮದುವೆಯ ಕೆಂಪು ಸೀರೆ. ಇಪ್ಪತ್ತು ವರ್ಷ ಅದನ್ನು ಹೊದ್ದು ಮಲಗಿದ ನಮಗೇ ಗೊತ್ತಿರಲಿಲ್ಲ. ಅದು ನೆನಪಾಗಿ, ಅತ್ತೆಯವರ ಮುಖ ನೋಡದೆ ಕಾರಿನ ಬಾಗಿಲು ತೆರೆದು ಹಿಡಿದೆ. ಒಂದಿಷ್ಟು ಸಂತೋಷಕ್ಕೆ, ಒಂದಿಷ್ಟು ಬೇರೊಂದು ಕಾರಣಕ್ಕೆ. ಶರಣಮ್ಮ ತುಟಿ ಬಿಗಿದುಕೊಂಡು ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ ಕೂತಳು. ಗೆದ್ದೆ ಎಂದುಕೊಂಡು ಶಹಾಪುರದವರೆಗೆ ಶಿಳ್ಳೆ ಹಾಕುತ್ತ ಕಾರು ಓಡಿಸಿದೆ.

ಬೇರೊಂದು ಕಾರಣ ಏನೆಂಬುದು ಹೊರಬಿದ್ದದ್ದು ಚಕ್ರಕ್ಕೆ ಗಾಳಿ ಹಾಕಿಸಲು ನಿಲ್ಲಿಸಿದಾಗ. ಗಾಳಿ ಹಾಕುವುದು ಖಾಜಾಸಾಬರ ಗ್ಯಾರೇಜಿನಲ್ಲೇ. ಆ ಪುಣ್ಯಾತ್ಮ ಕಾರಿನೊಳಗೆ ಯಾರಿದ್ದಾರೆಂದು ನೋಡದೆ ದೊಡ್ಡ ದನಿಯಲ್ಲಿ ಕೇಳಿದರು: "ಮಾಸ್ತರ್ರಿ, ಆ ಎಡಗಡಿ ಬೋಲ್ಟ್ ಮತ್ತೊಮ್ಮಿ ನೋಡ್ಲೇನ್ರಿ? ಗುರುವಾರ ಎರಡೆರಡು ಸರ್ತಿ ಪಾನಾ ಹಾಕಿ ಬಿಗದು ತೋರಿಸಿದ್ರೂ ನಿಮಗ ತಸಲ್ಲಿ ಆಗಿದ್ದಿಲ್ಲ."

ಹೌದು. ಹೆಡ್‌ಮಾಸ್ತರರ ಫೋನು ಬಂದದ್ದು ಎಡಗಡೆಯ ಕೆಳಗಿನ ಬೋಲ್ಟು ಹಾಕುವಾಗ. ಅದನ್ನು ಪೂರಾ ಬಿಗಿದೆನೋ, ಅರ್ಧ ಬಿಗಿದೆನೋ ಎಂಬ ಅನುಮಾನ ನನ್ನನ್ನು ನಾಲ್ಕು ದಿನ ಕೊರೆಯಿತು. ಗುರುವಾರ ಶರಣಮ್ಮ ಗೋಗಿಗೆ ಹೋದ ಮೇಲೆ ಕಳ್ಳನ ಹಾಗೆ ಖಾಜಾಸಾಬರ ಹತ್ತಿರ ಹೋಗಿದ್ದೆ. ಬೋಲ್ಟು ಕಲ್ಲಿನಂತೆ ಬಿಗಿಯಾಗಿತ್ತು. ಯಾರಿಗೂ ಹೇಳಬೇಡಿ ಎಂದು ಬೇಡಿಕೊಳ್ಳುವುದನ್ನು ಮಾತ್ರ ಮರೆತಿದ್ದೆ.

ಮನೆ ಮುಟ್ಟಿದೆವು. ಅತ್ತೆಯವರನ್ನು ಕೈ ಹಿಡಿದು ಒಳಗೆ ಕರೆದೊಯ್ದು ಕೂಡಿಸಿ, ಶರಣಮ್ಮ ಹೊರಗೆ ಬಂದಳು. "ಇಷ್ಟು ದಿನ ನಿಮ್ಮ ಕೈ ಮ್ಯಾಲ ನನಗ ನಂಬಿಕಿ ಇಲ್ಲಂತ ಮಾರಿ ಉಬ್ಬಿಸಿಕೊಂಡು ತಿರಗಿದ್ರಿ. ನಿಮಗರೆ ಎಲ್ಲಿತ್ರಿ?"

ಕ್ಷಮೆಯನ್ನಂತೂ ಕೇಳುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಅರ್ಧ ಡಬ್ಬಿ ಬಣ್ಣ ಉಳಿದಿತ್ತು. ಮುಂದಿನ ಭಾನುವಾರ ಮತ್ತೆ ಜ್ಯಾಕ್ ಏರಿಸಿ ಹಿಂದಿನ ಡ್ರಮ್ಮುಗಳಿಗೂ ಕೆಂಪು ಹಚ್ಚಿದೆ. ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅತ್ತೆಯವರು ಕಟ್ಟೆಯ ಮೇಲೆ ಕೂತಿದ್ದರು. ಚಕ್ರ ಹಾಕುವ ಹೊತ್ತಿಗೆ ಶರಣಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಕೈ ಚಾಚಿದಳು. "ಕೊಡ್ರಿ ಇಲ್ಲಿ ಪಾನಾ." ಎರಡೂ ಚಕ್ರದ ನಟ್ಟುಗಳನ್ನು ಅವಳೇ ಬಿಗಿದಳು, ಪಾನಾದ ಮೇಲೆ ಕಾಲಿಟ್ಟು ಒತ್ತಿ ಒತ್ತಿ. ಆಮೇಲೆ ಕೈ ತೊಳೆದುಕೊಂಡು ಮುಂದಿನ ಸೀಟಿನಲ್ಲಿ ಕೂತು, "ನಡೀರಿ, ಗೋಗಿತನ ಒಂದ್ ರೌಂಡ್ ಹೋಗಿ ಬರೂಣು" ಎಂದಳು.

ಇಷ್ಟು ದಿನ ಬೇಕಾಗಿದ್ದದ್ದು ಇದೇ ಅಲ್ಲವೇ? ಹೆಮ್ಮೆಯಿಂದ ಹೊರಟೆ. ಬಜಾರು ದಾಟಿದ ಮೇಲೆ ಹಿಂದಿನಿಂದ ಟಕ್ ಎಂದು ಒಂದು ಶಬ್ದ ಕೇಳಿದಂತಾಯಿತು. ಮತ್ತೆ ಕೇಳಿದಂತಾಯಿತು. ಡಿಕ್ಕಿಯಲ್ಲಿದ್ದ ಬಕೆಟ್ಟು ಇರಬಹುದು. ಇರದೆಯೂ ಇರಬಹುದು. ಬೆವರು ಒರೆಸಿಕೊಂಡು, ಗಾಳಿ ಕಡಿಮೆಯಾದಂತಿದೆ ಎಂದು ಗೊಣಗುತ್ತ ರಸ್ತೆ ಬದಿಗೆ ನಿಲ್ಲಿಸಿ ಇಳಿದೆ. ಹಿಂದಿನ ಚಕ್ರದ ಹತ್ತಿರ ಕೂತು, ಅವಳಿಗೆ ಕಾಣದ ಹಾಗೆ, ಒಂದೊಂದೇ ನಟ್ಟನ್ನು ಬೆರಳಿನಿಂದ ತಿರುವಿ ನೋಡತೊಡಗಿದೆ.

ಮುಂದಿನ ಗ್ಲಾಸು ಕೆಳಗಿಳಿಯಿತು.

"ಬಿಗಿ ಅದಾವೇನ್ರಿ," ಎಂದಳು ಶರಣಮ್ಮ, "ಇಲ್ಲಾ ಖಾಜಾಸಾಬ್ರ ಕಡಿ ಹೋಗೂಣು?"