ಬೀಗರ ಮಡಿಲಲ್ಲಿ ಯಲಗೂರಪ್ಪ

ಮದುವೆಯ ದಿನವೇ ಯಲಗೂರಪ್ಪ ಹೆಂಡತಿ ತಾಯವ್ವನಿಗೆ ಮಾತು ಕೊಟ್ಟಿದ್ದ: ಸಾಯುವವರೆಗೆ ಸಿಂದಿ ಮುಟ್ಟುವುದಿಲ್ಲ. ಮಗಳು ಪರಸವ್ವ ಮದುವೆಯ ವಯಸ್ಸಿಗೆ ಬಂದರೂ ಮುಟ್ಟಿರಲಿಲ್ಲ.

ಮಾತು ಕೇಳದ್ದು ಹೊಟ್ಟೆಯೊಂದೇ. ವರ್ಷದಿಂದ ತಿಂದದ್ದು ಮೈಗೆ ಹತ್ತದೆ, ಹೊತ್ತಿಲ್ಲದ ಹೊತ್ತಿನಲ್ಲಿ ನೀರಿನ ಚರಿಗೆ ಹಿಡಿದು ಬಯಲಿಗೆ ಓಡಿಸುತ್ತಿತ್ತು. ಈಚೆಗೆ ಪಾದಗಳೂ ಜೋಮು ಹಿಡಿದು, ಹೊಸದಾಗಿ ನೊಗಕ್ಕೆ ಹೂಡಿದ ಹೋರಿಯಂತೆ ದಾರಿಯ ಎರಡೂ ಅಂಚು ಅಳೆಯುತ್ತ ನಡೆಯುತ್ತಿದ್ದ. ತಿಕೋಟಾದ ಓಣಿಯವರು ಕುಡಿದಿದ್ದಾನೆಂದು ನಕ್ಕು ದಾರಿ ಬಿಡುತ್ತಿದ್ದರು.

ಆ ದಿನ ಮಧ್ಯಾಹ್ನ ಬಬಲೇಶ್ವರದ ಮಲಕಾಜಪ್ಪ ಮಗನಿಗೆ ಹೆಣ್ಣು ನೋಡಲು ಬರುವವನಿದ್ದ. ಬೀಗರೆದುರು ತೂರಾಡಬಾರದೆಂದು ತಾಯವ್ವ ಬೆಳಿಗ್ಗೆಯೇ ಗಂಡನನ್ನು ವಿಜಾಪುರಕ್ಕೆ ಅಟ್ಟಿದಳು.

ಡಾಕ್ಟರು ಅವನ ಪಾದಕ್ಕೆ ಸೂಜಿ ಚುಚ್ಚಿ, "ನೋವಾತೇನು?" ಎಂದರು.

"ಚುಚ್ಚಿದ್ರೇನ್ರಿ?"

"ನಿಮ್ಮ ಕರುಳು ಅನ್ನದ ಸತ್ವ ಹೀರಾಕತ್ತಿಲ್ಲ. ನರಾ ಉಪವಾಸ ಬಿದ್ದಾವ. ಮನೆತನದ ರೋಗ ಅಲ್ಲ, ಅಂಜಬ್ಯಾಡ್ರಿ. ವಾರಾ ವಾರಾ ಬಂದು ಇಂಜೆಕ್ಷನ್ ತಗೋರಿ, ಆರಾಮ ಆಗ್ತೀರಿ."

ತಲೆಯ ಮೇಲಿನ ಜೋಳದ ಚೀಲ ಇಳಿಸಿದಂತಾಯಿತು. ಆ ಹುರುಪಿನಲ್ಲೇ ಮೋಟಾರು ಹತ್ತಿ ಊರಲ್ಲಿಳಿದ. ಕಟ್ಟೆಯ ಮೇಲಿದ್ದ ನೆರೆಮನೆಯ ಹುಚ್ಚವ್ವ ಅವನ ಕಾಲು ನೋಡಿದಳು.

"ಲೇ ಯಲಗೂರಾ, ಇನ್ನೊಂದು ಚಪ್ಪಲಿ ಸಿಂದಿ ಅಂಗಡ್ಯಾಗ ಒತ್ತಿ ಇಟ್ಟಿಯೇನ?"

ಯಲಗೂರಪ್ಪ ಕೆಳಗೆ ನೋಡಿದ. "ಹೋತಂತ ಕಾಲು ಹೇಳಲೇ ಇಲ್ಲ ಬೇ. ನರಾ ಉಪವಾಸ ಅದಾವಂತ."

"ಹೂಂ, ಊರಾಗಿನ ಸಿಂದಿ ಅವಕ್ಕ ಸಾಲವಲ್ದು," ಎನ್ನುತ್ತ ಆಕೆ ಬೆನ್ನಿಗೇ ಬಂದಳು.

ಬೀಗರು ಆಗಲೇ ಕಂಬಳಿಯ ಮೇಲೆ ಕೂತಿದ್ದರು. ಯಲಗೂರಪ್ಪ ಕೈ ಜೋಡಿಸಿ, ಭಕ್ತಿಯಿಂದ ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದ್ದೇ ತಡ, ಕಾಲಿಗೆ ನೆಲ ಎಲ್ಲಿದೆಯೆಂದು ತಿಳಿಯದೆ ಹೋಯಿತು. ಹಳೆ ಗೋಡೆ ಕುಸಿದಂತೆ ಮಲಕಾಜಪ್ಪನ ಮಡಿಲಿಗೆ ಬಿದ್ದ. ಬೀಗರ ರುಮಾಲು ಹೊಸ್ತಿಲವರೆಗೆ ಉರುಳಿತು.

ಮಲಕಾಜಪ್ಪ ಅವನನ್ನು ಸರಿಸಿ ಎದ್ದು ನಿಂತ. "ಇದೇನ್ ಬ್ಯಾನಿ? ನರದ ರೋಗ ಇದ್ದ ಮನಿ ಹೆಣ್ಣು ನಾವು ತರಾಂಗಿಲ್ಲ."

"ನರಾ..." ಎಂದು ಯಲಗೂರಪ್ಪ ಬಾಯಿ ತೆರೆಯುವಷ್ಟರಲ್ಲಿ ಹುಚ್ಚವ್ವ ನಡುವೆ ಬಂದಳು.

"ರೋಗ ಎಲ್ಲೀದ ಯಪ್ಪಾ? ಕಲ್ಲಿನಂಥಾ ಆಳು. ಕುಡದಾನ, ಅಷ್ಟ."

ಮಲಕಾಜಪ್ಪ ನಿಟ್ಟುಸಿರು ಬಿಟ್ಟು ಮತ್ತೆ ಕೂತ. "ಮೊದಲ ಹೇಳಬಾರದೇನ್ರಿ? ಸಿಂದಿ ಮುಟ್ಟದ ಮನೆತನ ಅಂತ ಕೇಳಿ, ನಮಗ ಹೆಂಗ ಹೊಂದತೈತಿ ಅಂತ ಅಂಜಿಕೋತ ಬಂದಿದ್ನಿ." ಚೀಲದಿಂದ ಸಿಂದಿಯ ಗಡಿಗೆ ಹೊರಗೆ ಬಂತು. "ಬೀಗರು ಕೂಡಿ ಕುಡದ್ರ ಸಂಬಂಧ ಗಟ್ಟಿ."

"ಅಲ್ರಿ, ಡಾಕ್ಟರು ಏನ್ ಅಂದ್ರಂದ್ರ..."

ಬಾಗಿಲ ಸಂದಿಯಲ್ಲಿ ಪರಸವ್ವ ಅಪ್ಪನನ್ನೇ ನೋಡುತ್ತ ನಿಂತಿದ್ದಳು. ತಾಯವ್ವ ತಾನೇ ವಾಟಗದಲ್ಲಿ ಸಿಂದಿ ತುಂಬಿ ತಂದು ಗಂಡನ ಕೈಗಿಟ್ಟಳು.

"ಸುಮ್ಮನ ಕುಡೀರಿ," ಎಂದಳು ಮೆಲ್ಲಗೆ.

ಯಲಗೂರಪ್ಪ ಕುಡಿದ. ಮಗಳ ಮದುವೆ ಗೊತ್ತಾಯಿತು. ಕೊಟ್ಟ ಮಾತು ತಪ್ಪಿತು.